ಪೈನ್ ಕಾಯಿ: ಕುಂಡದ ತಳಕ್ಕೋ, ಮೇಲಕ್ಕೋ?

ಕುಂಡದ ತೋಟಗಾರಿಕೆಯಲ್ಲಿ ಪೈನ್ ಕಾಯಿಗೆ ಮೂರು ಕೆಲಸಗಳನ್ನು ಹೇಳುವ ರೂಢಿಯಿದೆ: ತಳದಲ್ಲಿ ಹಾಸಿ ನೀರು ಬಸಿಯುವಂತೆ ಮಾಡುವುದು, ಮಣ್ಣಿನ ಮೇಲೆ ಹರಡಿ ತೇವ ಕಾಯುವುದು, ಆರ್ಕಿಡ್‌ನಂಥ ಗಿಡಗಳ ಬೇರಿಗೆ ಮಣ್ಣಿನ ಬದಲಾಗಿ ಆಸರೆ ಕೊಡುವುದು. ಇವುಗಳಲ್ಲಿ ಮೊದಲನೆಯದಕ್ಕೆ ಪ್ರಚಾರ ಹೆಚ್ಚು, ಆಧಾರ ಕಡಿಮೆ. ಉಳಿದೆರಡು ಮಾತ್ರ ಕಾಯಿಯ ರಚನೆಗೆ ನಿಜವಾಗಿ ಒಪ್ಪುವಂಥವು.

ಆ ರಚನೆಯನ್ನು ಹಿಮಾಲಯದ ಚೀರ್ ಪೈನ್ ಮರದ ಕಾಯಿಯಲ್ಲಿ ಚೆನ್ನಾಗಿ ನೋಡಬಹುದು. ಉತ್ತರಾಖಂಡ, ಹಿಮಾಚಲಗಳ ಇಳಿಜಾರುಗಳಲ್ಲಿ ಸುಮಾರು 500ರಿಂದ 2000 ಮೀಟರ್ ಎತ್ತರದವರೆಗೆ ಹಬ್ಬಿರುವ ಈ ಮರಕ್ಕೆ ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಅವರ ನೆನಪಿನಲ್ಲಿ ಪೈನಸ್ ರಾಕ್ಸ್‌ಬರ್ಗಿ ಎಂಬ ಹೆಸರಿದೆ. ಇದು ಹೂ ಬಿಡದ, ಬೀಜವನ್ನು ಹಣ್ಣಿನೊಳಗೆ ಮುಚ್ಚಿಡದ ಅನಾವೃತಬೀಜ ಸಸ್ಯವಾದ್ದರಿಂದ, ಬಳಕೆಯಲ್ಲಿ ಕಾಯಿ ಎನಿಸಿಕೊಂಡದ್ದು ಶಾಸ್ತ್ರದ ಪ್ರಕಾರ ಶಂಕು, ಅಂದರೆ ಒಂದು ನಡುದಂಡಿನ ಸುತ್ತ ಸುರುಳಿಯಾಗಿ ಕೂತ ಗಟ್ಟಿ ಹಲ್ಲೆಗಳ ಗೊಂಚಲು. ಒಂದೊಂದು ಹಲ್ಲೆಯೂ ಎರಡು ಪದರಗಳಿಂದಾಗಿದ್ದು, ಒಣಗುವಾಗ ಹೊರಪದರ ಒಳಪದರಕ್ಕಿಂತ ಹೆಚ್ಚು ಕುಗ್ಗುವುದರಿಂದ ಹಲ್ಲೆ ಹೊರಕ್ಕೆ ಬಾಗಿ ಕಾಯಿ ಅರಳುತ್ತದೆ, ನೆನೆದಾಗ ಅದೇ ಪದರ ಹೆಚ್ಚು ಹಿಗ್ಗುವುದರಿಂದ ಕಾಯಿ ಮುಚ್ಚಿಕೊಳ್ಳುತ್ತದೆ. ಡಾಸನ್, ವಿನ್ಸೆಂಟ್ ಮತ್ತು ರೊಕ್ಕಾ ಎಂಬ ಸಂಶೋಧಕರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದ ಈ ಚಲನೆಗೆ ಜೀವಕೋಶ ಬದುಕಿರಬೇಕಾಗಿಲ್ಲ. ನೆಲಕ್ಕೆ ಬಿದ್ದು ವರ್ಷಗಳಾದ ಕಾಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟರೂ ಅದು ಹಲ್ಲೆಗಳನ್ನು ಮಡಚಿಕೊಂಡು ಮೊಗ್ಗಿನಂತಾಗುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಬಿರಿಯುತ್ತದೆ. ಬಿರಿದ ಕಾಯಿಯ ಬಹುಪಾಲು ಗಾತ್ರ ಹಲ್ಲೆಗಳ ನಡುವಿನ ಬಯಲೇ ಆಗಿರುವುದರಿಂದ, ಕುಂಡಕ್ಕೆ ಪೈನ್ ಕಾಯಿ ತರುವುದು ಮುಖ್ಯವಾಗಿ ಗಾಳಿಯನ್ನು.

ತಳದಲ್ಲಿ ಹಾಸುವ ಪದ್ಧತಿ ಸೋಲುವುದು ಇಲ್ಲಿಯೇ. ಕಲ್ಲು, ಓಡಿನ ಚೂರು ಅಥವಾ ಪೈನ್ ಕಾಯಿ ಹಾಕಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ತಪ್ಪಾದುದು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ತೋಟಗಾರಿಕಾ ವಿಜ್ಞಾನಿ ಲಿಂಡಾ ಚಾಕರ್-ಸ್ಕಾಟ್ ಇದನ್ನು ಬಹುಕಾಲದಿಂದ ಎತ್ತಿ ತೋರಿಸುತ್ತ ಬಂದಿದ್ದಾರೆ. ಸಣ್ಣ ರಂಧ್ರಗಳ ಮಣ್ಣು ತನ್ನ ಕೇಶಾಕರ್ಷಣೆಯಿಂದ, ಎಂದರೆ ಕಿರಿದಾದ ಸಂದುಗಳು ನೀರನ್ನು ಎಳೆದು ಹಿಡಿದಿಡುವ ಗುಣದಿಂದ, ತಾನು ಪೂರ್ತಿ ತೊಯ್ದು ತುಂಬುವವರೆಗೆ ಕೆಳಗಿನ ದೊಡ್ಡ ಸಂದುಗಳಿಗೆ ನೀರನ್ನು ಬಿಟ್ಟುಕೊಡುವುದಿಲ್ಲ. ಹೀಗೆ ಮಣ್ಣಿನ ಕೆಳ ಅಂಚಿನಲ್ಲಿ ನಿಲ್ಲುವ ಜೌಗು ಪದರದ ದಪ್ಪ ಆ ಮಣ್ಣಿನ ಸ್ವಭಾವವನ್ನು ಅನುಸರಿಸುತ್ತದೆಯೇ ಹೊರತು ಕುಂಡದ ಆಳವನ್ನಲ್ಲ. ಆದ್ದರಿಂದ ತಳದಲ್ಲಿ ನಾಲ್ಕು ಅಂಗುಲ ಕಾಯಿ ಹಾಸಿದರೆ ಜೌಗು ಮಾಯವಾಗುವುದಿಲ್ಲ, ನಾಲ್ಕು ಅಂಗುಲ ಮೇಲೇರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ನೀರು ಬಸಿಯಬೇಕಾದರೆ ಮಣ್ಣಿನ ಮಿಶ್ರಣವನ್ನೇ ಉದುರುದುರಾಗಿ ಮಾಡಿ, ಕುಂಡದ ತೂತುಗಳು ಕಟ್ಟದಂತೆ ನೋಡಿಕೊಳ್ಳುವುದೇ ದಾರಿ.

ತಳದ ಬಳಕೆಗೆ ಒಂದೇ ಒಂದು ಸಮರ್ಥನೆಯಿದೆ, ಅದು ತೂಕದ್ದು. 45 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ನೇರ ಗೋಡೆಯ ಕುಂಡ ಸುಮಾರು 70 ಲೀಟರ್ ಹಿಡಿಯುತ್ತದೆ. ಒದ್ದೆ ಮಣ್ಣು ಲೀಟರಿಗೆ ಒಂದು ಕಿಲೋಗ್ರಾಂಗಿಂತ ಹೆಚ್ಚು ತೂಗುವುದರಿಂದ, ಮೂರನೇ ಒಂದು ಭಾಗವನ್ನು ಕಾಯಿಗಳಿಂದ ತುಂಬಿದರೆ ತಾರಸಿಯ ಮೇಲಿನ ಭಾರ ಗಣನೀಯವಾಗಿ ಇಳಿಯುತ್ತದೆ. ಉಳಿದ 30 ಸೆಂಟಿಮೀಟರ್ ಮಣ್ಣು ಸೊಪ್ಪಿಗೂ ಋತುಮಾನದ ಹೂಗಿಡಗಳಿಗೂ ಸಾಕು, ದಾಸವಾಳ, ನಿಂಬೆಗಳಂಥ ಬಹುವಾರ್ಷಿಕಗಳಿಗೆ ಸಾಲದು. ಕಾಯಿಯ ಮೇಲೆ ನೈಲಾನ್ ಬಲೆ ಹಾಸದಿದ್ದರೆ ಪ್ರತಿ ಬಾರಿ ನೀರೆರೆದಾಗಲೂ ಮಣ್ಣು ಹಲ್ಲೆಗಳ ನಡುವೆ ಇಳಿದು ಗಿಡ ಕುಸಿಯುತ್ತ ಹೋಗುತ್ತದೆ.

ಮಣ್ಣಿನ ಮೇಲ್ಮೈಯಲ್ಲಿ ಮಾತ್ರ ಈ ಕಾಯಿಯ ಗುಣ ಸಾರ್ಥಕವಾಗುತ್ತದೆ. ಒಂದು ಸಾಲು ಕಾಯಿ ಹರಡಿದ ಕುಂಡದಲ್ಲಿ ಬಿಸಿಲು ಮಣ್ಣಿಗೆ ನೇರ ತಾಗುವುದಿಲ್ಲ, ಜಡಿಮಳೆಗೆ ಮಣ್ಣು ಎಲೆಗಳ ಅಡಿಗೆ ಸಿಡಿಯುವುದಿಲ್ಲ, ಹಲ್ಲೆಗಳ ತುದಿಯ ಕೊಕ್ಕೆಗಳು ಚುಚ್ಚುವುದರಿಂದ ಬೆಕ್ಕು, ಅಳಿಲುಗಳು ಕೆದಕಲು ಹಿಂಜರಿಯುತ್ತವೆ. ಇಂಥ ಹೊದಿಕೆಯಿಂದ ಮಣ್ಣು ಹುಳಿಯಾಗುತ್ತದೆಂಬ ಭಯವೂ, ಹುಳಿಮಣ್ಣು ಬಯಸುವ ಅಜೇಲಿಯಾಕ್ಕೆ ಇದೇ ಔಷಧವೆಂಬ ಆಸೆಯೂ ಎರಡೂ ಹುಸಿ, ಏಕೆಂದರೆ ಪೈನ್ ಮರದ ಉದುರುಗಳು ಕೊಳೆಯುವಾಗ ಅವುಗಳ ಆಮ್ಲೀಯತೆ ಸೂಕ್ಷ್ಮಜೀವಿಗಳ ಕೆಲಸದಿಂದ ತಗ್ಗಿಹೋಗುತ್ತದೆ. ಎಚ್ಚರ ಬೇಕಾದುದು ಸಾರಜನಕದ ವಿಷಯದಲ್ಲಿ: ಲಿಗ್ನಿನ್ ಎಂಬ ಗಡಸು ವಸ್ತು ತುಂಬಿದ ಕಾಯನ್ನು ಪುಡಿಮಾಡಿ ಮಣ್ಣಿಗೆ ಬೆರೆಸಿದರೆ, ಅದನ್ನು ಕೊಳೆಸುವ ಜೀವಿಗಳು ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ತಾವೇ ಬಳಸಿಕೊಂಡು ಹಳೆಯ ಎಲೆಗಳು ಹಳದಿಯಾಗುತ್ತವೆ. ಇಡಿಯಾಗಿ ಮೇಲಿಟ್ಟ ಕಾಯಿಗೆ ಮಣ್ಣಿನ ಸೋಂಕು ಕಡಿಮೆಯಾದ್ದರಿಂದ ಆ ತೊಂದರೆ ಅತ್ಯಲ್ಪ. ಪುಡಿಯನ್ನೇ ಬಳಸುವವರು ಜೊತೆಗೆ ಕಡಲೆಕಾಯಿ ಹಿಂಡಿಯನ್ನೋ ಬೇವಿನ ಹಿಂಡಿಯನ್ನೋ ಸೇರಿಸಬೇಕು.

ಮೂರನೆಯ ಕೆಲಸ ಆರ್ಕಿಡ್‌ಗೆ ಸಂಬಂಧಿಸಿದ್ದು. ಮಲೆನಾಡಿನ ಸೀತಾಳೆದಂಡೆಯಂತೆ ಮರದ ಮೈಮೇಲೆ ಬೆಳೆಯುವ ಜಾತಿಗಳ ಬೇರಿಗೆ ವೆಲಮೆನ್ ಎಂಬ ಬೆಳ್ಳನೆಯ ಸ್ಪಂಜಿನಂಥ ಹೊದಿಕೆಯಿದ್ದು, ಅದು ಮಳೆನೀರನ್ನು ಥಟ್ಟನೆ ಹೀರಿ, ಬಳಿಕ ಒಣಗಲು ಗಾಳಿಯನ್ನು ಬಯಸುತ್ತದೆ. ಕನ್ನಡ ನಾಡಿನ ಬೆಳೆಗಾರರು ಇದಕ್ಕಾಗಿ ತೆಂಗಿನ ಸಿಪ್ಪೆ, ಇದ್ದಿಲು, ಇಟ್ಟಿಗೆ ಚೂರುಗಳನ್ನು ಬಳಸುತ್ತಾರೆ. ತೆಂಗಿನ ಸಿಪ್ಪೆ ನೀರನ್ನು ಬಹಳ ಹೊತ್ತು ಹಿಡಿಯುವುದರಿಂದ ಬಯಲುಸೀಮೆಯ ಬೇಸಿಗೆಗೆ ವರ, ಎಡೆಬಿಡದ ಮಳೆಗೆ ಶಾಪ. ಅಂಥಲ್ಲಿ ಇದ್ದಿಲಿನೊಡನೆ ಪೈನ್ ಕಾಯಿಗಳನ್ನು ಸೇರಿಸಿದರೆ ಬೇರಿನ ಸುತ್ತ ಸಂದುಗಳು ಉಳಿಯುತ್ತವೆ. ಕಾಯಿಗಳನ್ನು ನೆನೆಸಿ, ಮುಚ್ಚಿಕೊಂಡ ಮೇಲೆಯೇ ತುಂಬಬೇಕು, ಆದರೆ ಒತ್ತೊತ್ತಾಗಿ ತುಂಬಬಾರದು. ಒತ್ತಿ ತುಂಬಿದರೆ, ಒಣಗುವಾಗ ಅರಳುವ ಹಲ್ಲೆಗಳು ಎಳೆಬೇರನ್ನು ಜಜ್ಜುತ್ತವೆ.

ಕಾಯಿ ಸಂಗ್ರಹಿಸುವವರು ತಾವಾಗಿ ಬಿರಿದು ಬಿದ್ದವನ್ನೇ ಆರಿಸಬೇಕು, ಏಕೆಂದರೆ ಅವು ಬೀಜ ಉದುರಿಸಿ ಮುಗಿಸಿರುತ್ತವೆ. ಬೇಸಿಗೆಯ ಕಾಡ್ಗಿಚ್ಚಿನಲ್ಲಿ ಹೊತ್ತಿದ ಕಾಯಿಗಳು ಇಳಿಜಾರಿನಲ್ಲಿ ಉರುಳಿ ಬೆಂಕಿಯನ್ನು ಕೆಳಕ್ಕೂ ಹಬ್ಬಿಸುವ ಹಿಮಾಲಯದಲ್ಲಿ, ಅರಣ್ಯ ಇಲಾಖೆಯ ಅನುಮತಿಯಿದ್ದಲ್ಲಿ ಅವನ್ನು ಹೆಕ್ಕುವುದರಿಂದ ಕಾಡಿಗೂ ಉಪಕಾರವೇ. ಅಲಂಕಾರದ ಅಂಗಡಿಗಳಲ್ಲಿ ಬಣ್ಣ, ವಾರ್ನಿಷ್ ಬಳಿದು ಮಾರುವ ಕಾಯಿಗಳು ಕುಂಡಕ್ಕೆ ಸಲ್ಲವು.

ಲಾಲ್‌ಬಾಗಿನಲ್ಲಿ ಪೈನ್ ಎಂದು ಹಲವರು ಭಾವಿಸುವ ಅರಾಕೇರಿಯಾದ ಶಂಕು ಬಲಿತಾಗ ತಾನೇ ಚೂರಾಗುವುದರಿಂದ ಅದರ ಆಸೆ ಬೇಡ. ಕರಾವಳಿಯವರು ಗಾಳಿಮರವೆಂದೂ ಮೈಸೂರು ಸೀಮೆಯವರು ಸರ್ವೆಮರವೆಂದೂ ಕರೆಯುವ ಮರ ಪೈನಿನ ಬಂಧುವಲ್ಲದಿದ್ದರೂ, ಒಂದೆರಡು ಸೆಂಟಿಮೀಟರ್ ಉದ್ದದ ಅದರ ಗಟ್ಟಿಕಾಯಿಗಳು ಸಣ್ಣ ಕುಂಡಗಳ ಮೇಲ್ಹೊದಿಕೆಗೆ ಚೆನ್ನಾಗಿ ಒದಗುತ್ತವೆ. ದೊಡ್ಡ ಸಂದುಗಳನ್ನು ಬೇಡುವ ಆರ್ಕಿಡ್ ಬುಟ್ಟಿಗೆ ಮಾತ್ರ ಅವು ಸಾಲವಾದ್ದರಿಂದ, ದೂರದ ಬೆಟ್ಟಗಳಿಂದ ಬಂದ ನಾಲ್ಕಾರು ಪೈನ್ ಕಾಯಿಗಳನ್ನು ಆ ಬುಟ್ಟಿಗೇ ಮೀಸಲಿಡುವುದು ವಿವೇಕ.