ಮುದ್ದಣನ ನಗೆಯೂ ಕಾಣದ ಬೇನೆಯೂ

ಮುದ್ದಣನ ‘ಶ್ರೀರಾಮಾಶ್ವಮೇಧ’ವನ್ನು ಓದಿದವರ ನೆನಪಿನಲ್ಲಿ ಉಳಿಯುವುದು ಯಾಗದ ಕುದುರೆಯಲ್ಲ, ಮನೋರಮೆಯ ಮಾತು. ಮಳೆಗಾಲ, ಅರಮನೆಯಿಂದ ಮನೆಗೆ ಬರುವ ಕವಿ, ಉಪಚರಿಸಿ ಕತೆ ಹೇಳೆಂದು ಕಾಡುವ ಮಡದಿ, ಸಂಸ್ಕೃತ ಹೆಚ್ಚಾಯಿತೆಂಬ ಅವಳ ಆಕ್ಷೇಪ: ಈ ಸಲ್ಲಾಪವನ್ನು ಪಾಠ ಹೇಳದ ಕನ್ನಡ ಪಂಡಿತರು ನಮ್ಮ ಗಡಿನಾಡಿನಲ್ಲಿ ವಿರಳ. ಇದರಿಂದ ಮುದ್ದಣನು ಉಲ್ಲಾಸದ ಕವಿ, ಸುಖಪುರುಷ ಎಂಬೊಂದು ತೀರ್ಪು ತರಗತಿಗಳಲ್ಲಿ ರೂಢಿಗೆ ಬಂದಿದೆ. ಕೃತಿಯ ಮಟ್ಟಿಗೆ ಉಲ್ಲಾಸವೆಂಬುದು ಸರಿ. ಸುಖಪುರುಷನೆಂಬುದನ್ನು ನಾವು ಒಪ್ಪಲಾರೆವು.

ನಂದಳಿಕೆ ಲಕ್ಷ್ಮೀನಾರಣಪ್ಪನವರು ಹುಟ್ಟಿದ್ದು 1870ರಲ್ಲಿ; ಕ್ಷಯದಿಂದ ತೀರಿಕೊಂಡದ್ದು 1901ರಲ್ಲಿ. (ನಂದಳಿಕೆಯೂ ನಮ್ಮ ಕಾಸರಗೋಡೂ 1956ರವರೆಗೆ ಒಂದೇ ಜಿಲ್ಲೆಯಲ್ಲಿದ್ದುವೆಂಬುದನ್ನು ಇಲ್ಲಿ ನೆನೆಯಬಹುದು.) ಉಡುಪಿಯಲ್ಲಿ ಅವರು ವ್ಯಾಯಾಮದ ಉಪಾಧ್ಯಾಯರಾಗಿದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸಿ ತೋರಿಸಬೇಕಾದವರಿಗೇ ಶ್ವಾಸಕೋಶದ ರೋಗ! ಕ್ಷಯವು ಮೊದಮೊದಲು ಎದುರಿಗಿದ್ದವರಿಗೆ ತೋರುವ ಬೇನೆಯಲ್ಲ. ಸಂಜೆಯ ಸಣ್ಣ ಜ್ವರ, ರಾತ್ರಿಯ ಬೆವರು, ಕಾರಣ ತಿಳಿಯದ ಆಯಾಸ. ಇವನ್ನು ಬಲ್ಲವನು ರೋಗಿ, ಬಹಳವಾದರೆ ಮನೆಯವರು. ರಾಬರ್ಟ್ ಕಾಕ್ ಅದರ ರೋಗಾಣುವನ್ನು 1882ರಲ್ಲಿಯೇ ತೋರಿಸಿಕೊಟ್ಟಿದ್ದರೂ, ಸ್ಟ್ರೆಪ್ಟೋಮೈಸಿನ್ ದೊರೆತದ್ದು 1943ರಲ್ಲಿ.

ತನ್ನ ಹೊಸ ಗ್ರಂಥಗಳನ್ನು ಹಳೆಯ ಕವಿಯ ಕೃತಿಗಳೆಂದು ಮೈಸೂರಿನ ಪತ್ರಿಕೆಗೆ ಕಳುಹಿಸಿದ ಈ ಮಹಾನುಭಾವ ಹೆಸರನ್ನೇ ಮರೆಸಿದವನು. ರೋಗದ ಮಾತನ್ನಂತೂ ಆ ಸಲ್ಲಾಪದಲ್ಲಿ ಎಲ್ಲಿಯೂ ಎತ್ತಿದಂತೆ ನಮಗೆ ಕಾಣಲಿಲ್ಲ. ಅಂದಿನ ಓದುಗರನ್ನು ದೂರುವಂತಿಲ್ಲ. ನಮಗೆ ಆ ನೆಪವಿಲ್ಲ. ಹಾಗೆಂದು ಸಾಲುಸಾಲಿನಲ್ಲೂ ಕೆಮ್ಮನ್ನು ಹುಡುಕಹೊರಡುವ ವಿಮರ್ಶೆಯೂ ನಮಗೆ ಬೇಡ. ಅದು ಕವಿಯ ಸಂಯಮಕ್ಕೆ ಮಾಡುವ ಅಪಚಾರ. ನಾವು ಹೇಳುವುದಿಷ್ಟೆ: ನಗೆಯು ನಗೆಯೇ, ಆದರೆ ಅದು ಆರೋಗ್ಯದ ಪ್ರಮಾಣಪತ್ರವಲ್ಲ.

ಈ ತಪ್ಪನ್ನು ನಾವೇ ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸಹೋದ್ಯೋಗಿಯೊಬ್ಬರು ಮೇಲಂತಸ್ತಿನ ತರಗತಿ ಬದಲಿಸಿಕೊಡಬೇಕೆಂದೂ ಎರಡು ದಿನ ರಜೆ ಬೇಕೆಂದೂ ಕೇಳಿದರು. ಹಿಂದಿನ ದಿನವಷ್ಟೆ ಅವರು ಮನೋರಮೆಯ ಧಾಟಿಯಲ್ಲಿ ಮಾತಾಡಿ ಮಕ್ಕಳನ್ನು ನಗಿಸುತ್ತಿದ್ದುದು ಜಗಲಿಯಲ್ಲಿ ನಿಂತಿದ್ದ ನಮಗೆ ಕೇಳಿಸಿತ್ತು. “ಗಟ್ಟಿಮುಟ್ಟಾಗಿಯೇ ಇದ್ದೀರಲ್ಲ” ಎಂದುಬಿಟ್ಟೆವು. ಅವರು ವಾದಿಸಲಿಲ್ಲ. ವಾರ ಕಳೆಯುವುದರೊಳಗೆ ಮೆಟ್ಟಿಲಿನ ನಡುವೆ ಕುಳಿತುಬಿಟ್ಟರು. ಹೃದಯದ ಕವಾಟದಲ್ಲಿ ದೋಷವಿದೆಯೆಂದು ವೈದ್ಯರು ತಿಳಿಸಿದರು. ಬಹುಕಾಲದಿಂದ ಇತ್ತಂತೆ. ಏಕೆ ಹೇಳಲಿಲ್ಲವೆಂದು ಕೇಳಿದರೆ, “ಕೈಗೆ ಕಟ್ಟು ಹಾಕಿಕೊಂಡು ಬಂದಿದ್ದರೆ ನಂಬುತ್ತಿದ್ದಿರಿ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಚಿಕಿತ್ಸೆಯಾಗಿ ಅವರು ಮರಳಿ ಬಂದ ಮೇಲೆ ತರಗತಿಯನ್ನು ಕೆಳಗೆ, ನಮ್ಮ ಕೊಠಡಿಯ ಪಕ್ಕಕ್ಕೆ, ತಂದೆವು. ಮುದ್ದಣನ ಪಾಠದ ದಿನ ಮಕ್ಕಳ ನಗು ಮೊದಲಿನಷ್ಟೇ ಜೋರಾಗಿತ್ತು. ಗಂಟೆ ಬಾರಿಸಿದ ಮೇಲೆ ಅವರು ಕುರ್ಚಿಯಿಂದ ಏಳಲು ಎಷ್ಟು ಹೊತ್ತು ಬೇಕಾಯಿತೆಂಬುದನ್ನು ಈ ಸಲ ನಾವು ನೋಡಿದೆವು.