ಬಾಗಿಲು ಮುಚ್ಚುವ ಮುಂಚಿನ ಗುನುಗು

2016ರ ಜುಲೈ 11, ಸೋಮವಾರ. ಲಂಡನ್ನಿನ 10, ಡೌನಿಂಗ್ ಸ್ಟ್ರೀಟಿನ ಕಪ್ಪು ಬಾಗಿಲಿನ ಮುಂದೆ ಪ್ರಧಾನಿ ಡೇವಿಡ್ ಕ್ಯಾಮರೂನ್ ಸುದ್ದಿಗಾರರಿಗೆ ಎದುರಾಗಿ ನಿಂತರು. ಹೇಳಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಪಕ್ಷದ ನಾಯಕತ್ವದ ಪೈಪೋಟಿಯಿಂದ ಆಂಡ್ರಿಯಾ ಲೆಡ್ಸಮ್ ಹಿಂದೆ ಸರಿದಿದ್ದಾರೆ, ಉಳಿದವರು ತೆರೇಸಾ ಮೇ ಒಬ್ಬರೇ, ಬುಧವಾರ ಸಂಜೆಯ ಹೊತ್ತಿಗೆ ಈ ಮನೆಗೆ ಹೊಸ ಪ್ರಧಾನಿ ಬರುತ್ತಾರೆ, ಇಷ್ಟೇ. ಹೇಳಿ ಮುಗಿಸಿ ಬೆನ್ನು ತಿರುಗಿಸಿದರು. ಮೈಕು ಇನ್ನೂ ಆನ್ ಆಗಿಯೇ ಇತ್ತು. ಬಾಗಿಲ ಕಡೆ ನಡೆಯುತ್ತಾ ಅವರು ತಮ್ಮಷ್ಟಕ್ಕೆ ತಾವು ಗುನುಗಿಕೊಂಡರು: ಡೂ ಡು, ಡೂ ಡೂ. ಒಳಗೆ ಹೋಗುತ್ತಾ ‘ರೈಟ್’ ಅಂದದ್ದೂ ಕೇಳಿಸಿತು. ಆಮೇಲೆ ಬಾಗಿಲು ಮುಚ್ಚಿತು.

ಆಗ ನಾನು ಪದವಿ ತರಗತಿಯಲ್ಲಿದ್ದೆ. ಆ ತುಣುಕನ್ನು ಗೆಳೆಯರೊಬ್ಬರ ಫೋನಿನಲ್ಲಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಬೆಲ್ಲು ಹೊಡೆದ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಹೊರಟ ಹುಡುಗನ ಹಾಗೆ ಒಬ್ಬ ಪ್ರಧಾನಿ! ಒಂದೆರಡು ದಿನ ಕಳೆಯುವುದರೊಳಗೆ ಸಂಗೀತಗಾರರು ಅದನ್ನು ಕೈಗೆತ್ತಿಕೊಂಡಿದ್ದರು. ಕೆಲವರು ಕುಣಿತದ ತಾಳ ಕೂರಿಸಿದರು, ಕೆಲವರು ಪಿಯಾನೋದ ಮೇಲೆ ಬೆಳೆಸಿದರು. ಬ್ರಿಟನ್ನಿನ ಶಾಸ್ತ್ರೀಯ ಸಂಗೀತದ ರೇಡಿಯೊ ಕ್ಲಾಸಿಕ್ ಎಫ್‌ಎಂ ಆ ಗುನುಗನ್ನು ದೊಡ್ಡ ಕೃತಿಯೊಂದನ್ನು ಬಿಡಿಸುವ ಗಾಂಭೀರ್ಯದಲ್ಲಿ ವಿಶ್ಲೇಷಿಸಿತು. ಸಂಯೋಜಕ ಥಾಮಸ್ ಹ್ಯೂಯಿಟ್ ಜೋನ್ಸ್ ಚೆಲ್ಲೊ ಮತ್ತು ಪಿಯಾನೋಗಾಗಿ ‘ಫ್ಯಾಂಟಸಿ ಆನ್ ಡೇವಿಡ್ ಕ್ಯಾಮರೂನ್’ ಎಂಬ ಕೃತಿಯನ್ನೇ ಬರೆದರು.

ಇಷ್ಟು ವರ್ಷಗಳ ನಂತರ ಇವನ್ನು ಮತ್ತೆ ಕೇಳಿದಾಗಲೂ ನಗು ಬಂತು. ಆದರೆ ಈ ಸಲ ಆ ನಗು ಗಂಟಲಲ್ಲಿ ಎಲ್ಲೋ ತುಸು ಸಿಕ್ಕಿಕೊಂಡಿತು. ಯಾಕೆ ಎಂದು ನೋಡಿಕೊಳ್ಳಲು ಈ ಬರಹ.

ಮೊದಲು ಗುನುಗಿನ ಬಗ್ಗೆ. ಅದಕ್ಕೆ ಮಾತಿಲ್ಲ. ರಾಜಕಾರಣಿಯ ಬಾಯಿಂದ ಬಂದದ್ದನ್ನು ಹಾಡಾಗಿಸುವುದು ಹೊಸದಲ್ಲ. ಅಮೆರಿಕದ ಗ್ರೆಗರಿ ಬ್ರದರ್ಸ್ 2009ರಿಂದಲೇ ‘ಆಟೋ-ಟ್ಯೂನ್ ದ ನ್ಯೂಸ್’ ಎಂಬ ಸರಣಿಯಲ್ಲಿ ನಾಯಕರ ಭಾಷಣಗಳನ್ನು ಯಂತ್ರದ ಮೂಲಕ ಸ್ವರಕ್ಕೆ ಹಚ್ಚಿ ಹಾಡಿಸುತ್ತಿದ್ದರು. ಅಲ್ಲಿ ಹಾಸ್ಯ ಹುಟ್ಟುವುದು ಮಾತಿನ ಅರ್ಥಕ್ಕೂ ಹಾಡಿನ ಮಟ್ಟಿಗೂ ನಡುವಿನ ಜಗಳದಿಂದ. ಕ್ಯಾಮರೂನರ ಗುನುಗಿನಲ್ಲಿ ಜಗಳವಾಡಲು ಅರ್ಥವೇ ಇಲ್ಲ. ಅದು ಹುಟ್ಟುವಾಗಲೇ ಸಂಗೀತ. ಸಂಗೀತಗಾರರಿಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಸರಕು ಎಲ್ಲಿ ಸಿಗಬೇಕು?

ಕಛೇರಿ ಕೇಳಿ ಬೆಳೆದ ನಮಗೆ ಈ ಆಟ ಅಪರಿಚಿತವೇನಲ್ಲ. ನೆರವಲ್‌ನಲ್ಲಿ ಸಾಹಿತ್ಯದ ಒಂದೇ ಸಾಲನ್ನು ಹಿಡಿದು, ತಾಳದ ಚೌಕಟ್ಟಿನೊಳಗೆ ಮತ್ತೆ ಮತ್ತೆ ಬೇರೆ ಬಣ್ಣದಲ್ಲಿ ಹಾಡುತ್ತಾರೆ. ತಾನದಲ್ಲಿ ಅರ್ಥದ ಹಂಗಿಲ್ಲದ ಅಕ್ಷರಗಳೇ ಸಾಕು. ಚಿಕ್ಕದನ್ನು ಹಿಗ್ಗಿಸುವುದು ಮನೋಧರ್ಮದ ಮೂಲ ಸುಖ. ಆದರೆ ನೆರವಲ್‌ಗೆ ಗಾಯಕರು ಸಾಲನ್ನು ಆರಿಸಿಕೊಳ್ಳುತ್ತಾರೆ. ಅದಕ್ಕೆ ಹಿಗ್ಗುವ ಯೋಗ್ಯತೆ ಇದೆ ಎಂದು ಮೊದಲೇ ತೂಗಿ ನೋಡಿರುತ್ತಾರೆ. ಇಲ್ಲಿ ಆಯ್ಕೆಗೆ ಕಾರಣವೇ ಆ ಸ್ವರಗಳು ಏನೂ ಅಲ್ಲ ಎಂಬುದು. ಏನೂ ಅಲ್ಲದ್ದು ಆಡಬಾರದ ಹೊತ್ತಿನಲ್ಲಿ ಬಾಯಿಂದ ಜಾರಿತು ಎಂಬುದಷ್ಟೇ ಅದರ ಯೋಗ್ಯತೆ.

ಹ್ಯೂಯಿಟ್ ಜೋನ್ಸ್ ಅವರ ಕೃತಿ ಈ ಗುಂಪಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು. ಅದು ಹಲ್ಲು ಕಿರಿಯುವುದಿಲ್ಲ. ಚೆಲ್ಲೊ ಹಾಡುತ್ತದೆ, ಪಿಯಾನೋ ಜೊತೆ ನಿಲ್ಲುತ್ತದೆ. ಹಿನ್ನೆಲೆ ಗೊತ್ತಿಲ್ಲದೆ ಕೇಳಿದವರು ಸಲೂನ್ ಸಂಗೀತದ ಸಭ್ಯ ಕೃತಿಯೆಂದೇ ತಿಳಿದಾರು. ನಗೆಯೆಲ್ಲ ಶೀರ್ಷಿಕೆಯಲ್ಲಿದೆ. ಇಂಗ್ಲೆಂಡಿನ ಸಂಗೀತದಲ್ಲಿ ಫ್ಯಾಂಟಸಿ ಎಂಬುದು ಗೌರವದ ಪ್ರಕಾರ. ರಾಲ್ಫ್ ವಾನ್ ವಿಲಿಯಮ್ಸ್ 1910ರಲ್ಲಿ ಬರೆದ ಪ್ರಸಿದ್ಧ ಕೃತಿಯ ಹೆಸರು ‘ಫ್ಯಾಂಟಸಿಯ ಆನ್ ಎ ಥೀಮ್ ಬೈ ಥಾಮಸ್ ಟಾಲಿಸ್’. ಹದಿನಾರನೆಯ ಶತಮಾನದ ಹಿರಿಯನೊಬ್ಬನ ರಾಗವನ್ನು ತಲೆಬಾಗಿ ಎತ್ತಿಕೊಂಡ ಕೃತಿ ಅದು. ಅಲ್ಲಿ ಟಾಲಿಸ್‌ನ ‘ರಾಗದ ಮೇಲೆ’ ಕಲ್ಪನೆ; ಇಲ್ಲಿ ನೇರವಾಗಿ ‘ಡೇವಿಡ್ ಕ್ಯಾಮರೂನ್ ಮೇಲೆ’. ರಾಗ ಎಂಬ ಪದ ಬಿಟ್ಟುಹೋಗಿ ಮನುಷ್ಯನೇ ವಸ್ತುವಾಗಿಬಿಟ್ಟಿದ್ದಾರೆ. ಆ ಬಿಟ್ಟುಹೋದ ಪದದಲ್ಲೇ ಇಡೀ ಪ್ರಶ್ನೆ ಅಡಗಿದೆ ಎಂದು ಈಗ ನನಗೆ ಅನ್ನಿಸುತ್ತದೆ. ಇದು ಗುನುಗಿನ ಬಗೆಗಿನ ಸಂಗೀತವೋ, ಗುನುಗಿದವರ ಬಗೆಗಿನದೋ?

ಆಳುವವರು ಕೊಟ್ಟ ಸ್ವರಗಳಿಂದ ಕೃತಿ ಕಟ್ಟಿದ ಬಹುದೊಡ್ಡ ಉದಾಹರಣೆ ಬಾಖ್‌ನದು. 1747ರ ಮೇ ತಿಂಗಳಲ್ಲಿ ಪಾಟ್ಸ್‌ಡಾಮಿನ ಅರಮನೆಗೆ ಬಂದ ವೃದ್ಧ ಬಾಖ್‌ಗೆ ಪ್ರಷ್ಯದ ದೊರೆ ಫ್ರೆಡರಿಕ್ ಒಂದು ರಾಗವಸ್ತುವನ್ನು ಕೊಟ್ಟು, ಇದರ ಮೇಲೆ ಸ್ಥಳದಲ್ಲೇ ಫ್ಯೂಗ್ ನುಡಿಸು ಎಂದ. ದೊರೆ ಸ್ವತಃ ಕೊಳಲು ವಾದಕ. ರಾಗವಸ್ತು ಸುಲಭದ್ದಲ್ಲ, ಪರೀಕ್ಷೆಯಂತಿತ್ತು. ಬಾಖ್ ಅಲ್ಲೇ ಮೂರು ಎಳೆಗಳ ಫ್ಯೂಗ್ ನುಡಿಸಿದ. ಊರಿಗೆ ಮರಳಿದ ಮೇಲೆ ಅದೇ ವಸ್ತುವಿನಿಂದ ಆರು ಎಳೆಗಳ ರಿಚರ್ಕಾರನ್ನೂ ಸಾಲು ಸಾಲು ಕ್ಯಾನನ್‌ಗಳನ್ನೂ ರಚಿಸಿ, ‘ಮ್ಯೂಸಿಕಲ್ ಆಫರಿಂಗ್’ ಎಂದು ದೊರೆಗೇ ಅರ್ಪಿಸಿದ. ಕೃತಿಯ ಲ್ಯಾಟಿನ್ ಬರಹದ ಮೊದಲಕ್ಷರಗಳನ್ನು ಕೂಡಿಸಿದರೆ ‘ರಿಚರ್ಕಾರ್’ ಎಂಬ ಪದವೇ ಬರುತ್ತದೆ. ಆ ಬರಹ ಶುರುವಾಗುವುದು ರಾಜಾಜ್ಞೆಯಿಂದ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ 2016ರದ್ದು ಪೂರಾ ತಿರುವುಮುರುವು. ಫ್ರೆಡರಿಕ್ ಗೊತ್ತಿದ್ದೇ ಕೊಟ್ಟ, ಕ್ಯಾಮರೂನರಿಗೆ ಕೊಟ್ಟದ್ದೇ ಗೊತ್ತಿರಲಿಲ್ಲ. ಅಲ್ಲಿ ಅಧಿಕಾರ ಕಲಾವಿದನನ್ನು ಪರೀಕ್ಷಿಸಿತು. ಇಲ್ಲಿ ಅಧಿಕಾರದ ಜೇಬಿನಿಂದ ಬಿದ್ದ ಚಿಲ್ಲರೆಯನ್ನು ಕಲಾವಿದರು ಆಯ್ದುಕೊಂಡರು. ಆಜ್ಞೆ ಇಲ್ಲ, ಅರ್ಪಣೆ ಇಲ್ಲ, ಆಸ್ಥಾನವಿಲ್ಲ. ಇದು ಪ್ರಜಾಪ್ರಭುತ್ವದ ಸಂಗೀತ ಎಂದು ಬೆನ್ನು ತಟ್ಟಿಕೊಳ್ಳಬಹುದು. ಆದರೂ ಒಂದು ವಿಷಯ ಬದಲಾಗಿಲ್ಲ. ಎರಡೂ ಕಡೆ ರಾಗವಸ್ತು ಆಳುವವರದೇ. ಕೇಳುವವರು ಕೊನೆಗೆ ನೆನಪಿಟ್ಟುಕೊಳ್ಳುವ ಸಂಗತಿಗಳಲ್ಲಿ ಅವರ ಹೆಸರು ಮೊದಲು.

ಗುನುಗಿನಲ್ಲಿ ಮನಸ್ಸು ಕಾಣುತ್ತದೆಯೇ? ಚೆಕ್ ಸಂಯೋಜಕ ಲೆಯೋಶ್ ಯಾನಾಚೆಕ್ ಹೌದು ಎನ್ನುತ್ತಿದ್ದ. ಬೀದಿಯಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಜನ ಆಡುವ ಮಾತಿನ ಏರಿಳಿತಗಳನ್ನು ದಶಕಗಳ ಕಾಲ ಸ್ವರಲಿಪಿಯಲ್ಲಿ ಬರೆದಿಟ್ಟ. ಮಾತಿನ ರಾಗ ಅವನಿಗೆ ಆತ್ಮದ ಕಿಟಕಿ. 1903ರಲ್ಲಿ ಮಗಳು ಓಲ್ಗಾ ಸಾಯುವಾಗ ಅವಳ ಕೊನೆಯ ದನಿಗಳನ್ನೂ ಬರೆದುಕೊಂಡ. ಓದಿದರೆ ಎದೆ ಝಲ್ಲೆನ್ನುವ ವಿವರ ಅದು. ಕ್ರೌರ್ಯವೋ ಪ್ರೀತಿಯೋ ಎಂದು ಹೇಳುವುದು ಕಷ್ಟ. ಆದರೆ ಅದರಲ್ಲಿ ಒಂದು ನಿಯತ್ತಿದೆ. ಎಲ್ಲರ ದನಿಗೂ ಒಂದೇ ಕಿವಿ. ತರಕಾರಿ ಮಾರುವವಳ ಕೂಗಿಗೂ, ಮಗಳ ನರಳಿಕೆಗೂ.

ಯಾನಾಚೆಕ್‌ನ ಕಿವಿಯಿಂದ ಕೇಳಿದರೆ ಆ ಗುನುಗು ಏನು ಹೇಳೀತು? ಹೊರೆ ಇಳಿಯಿತೆಂಬ ನಿರಾಳವಿರಬಹುದು. ಅಳು ಬಾರದಂತೆ ತಡೆದ ಬಗೆಯೂ ಇರಬಹುದು; ಕತ್ತಲಲ್ಲಿ ನಡೆಯುವವರೂ ಹಾಡಿಕೊಳ್ಳುತ್ತಾರಲ್ಲ. ಜೂನ್ 24ರ ಬೆಳಿಗ್ಗೆ ಇದೇ ಬಾಗಿಲ ಮುಂದೆ ರಾಜೀನಾಮೆ ಘೋಷಿಸುವಾಗ ಅವರ ದನಿ ನಡುಗಿತ್ತು. ಎರಡೂವರೆ ವಾರದ ಅಂತರದಲ್ಲಿ ಎರಡು ದನಿ. ಸಂಗೀತಗಾರರು ಎತ್ತಿಕೊಂಡದ್ದು ಎರಡನೆಯದನ್ನು ಮಾತ್ರ. ಕುಣಿಸಬಲ್ಲದ್ದು ಅದೊಂದೇ ತಾನೆ? ಹಾಗಾಗಿ ಅವರು ಅದರೊಳಗಿನ ಸಂದೇಹವನ್ನು ಬಿಟ್ಟು, ಉತ್ತರವನ್ನು ತಾವೇ ತುಂಬಿದರು: ಇವರು ಪಾಪ, ನಮ್ಮ ಹಾಗೇ ಗುನುಗುವ ಮನುಷ್ಯ.

ಗಂಟಲಲ್ಲಿ ಸಿಕ್ಕಿಕೊಂಡದ್ದು ಇದೇ. ಜೂನ್ 23ರ ಜನಮತಗಣನೆಯನ್ನು ಕರೆದವರು ಕ್ಯಾಮರೂನ್. ತಮ್ಮ ಪಕ್ಷದೊಳಗಿನ ಹಳೆಯ ಜಗಳಕ್ಕೆ ಮದ್ದು ಹುಡುಕುತ್ತಾ ಇಡೀ ದೇಶದ ಮುಂದೆ ಪ್ರಶ್ನೆಯಿಟ್ಟು, ಸೋತರು. ಐರೋಪ್ಯ ಒಕ್ಕೂಟ ಬಿಡಬೇಕೆಂದವರು ಶೇ 51.9, ಇರಬೇಕೆಂದವರು ಶೇ 48.1. ಮತದಾನಕ್ಕೆ ಒಂದು ವಾರ ಮೊದಲು ಸಂಸದೆ ಜೋ ಕಾಕ್ಸ್ ತಮ್ಮದೇ ಕ್ಷೇತ್ರದಲ್ಲಿ ಕೊಲೆಯಾಗಿದ್ದರು. ಫಲಿತಾಂಶದ ಮರುಬೆಳಿಗ್ಗೆ ಪೌಂಡು 1985ರ ನಂತರದ ಅತಿ ಕೆಳಗಿನ ಮಟ್ಟಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ನೆಲೆಸಿದ್ದ ಒಕ್ಕೂಟದ ಲಕ್ಷಾಂತರ ಪ್ರಜೆಗಳಿಗೆ ನಾಳೆ ತಾವು ಇಲ್ಲಿರಬಹುದೇ ಎಂಬುದೇ ತಿಳಿಯದಾಯಿತು. ತೆರೇಸಾ ಮೇ ತಂದ ಒಪ್ಪಂದವನ್ನು ಸಂಸತ್ತು ಮೂರು ಸಲ ತಳ್ಳಿಹಾಕಿತು. 2019ರ ಮೇ 24ರಂದು ಅದೇ ಬೀದಿಯಲ್ಲಿ ರಾಜೀನಾಮೆ ಹೇಳುವಾಗ ಅವರ ಗಂಟಲು ಕಟ್ಟಿತು. ದೇಶ ಒಕ್ಕೂಟದಿಂದ ಹೊರಬಂದದ್ದು 2020ರ ಜನವರಿ 31ಕ್ಕೆ. ಒಬ್ಬರು ಗುನುಗಿಕೊಂಡು ಬಾಗಿಲು ಹಾಕಿಕೊಂಡ ಮೇಲೆ ಉಳಿದವರು ಮೂರೂವರೆ ವರ್ಷ ಹೊರಗೆ ನಿಂತಿದ್ದರು.

ನಗೆ ಅಧಿಕಾರವನ್ನು ಕುಟುಕುತ್ತದೆ ಎಂದು ನಾವು ನಂಬಿದ್ದೇವೆ. ಅದಕ್ಕೆ ಕಾಲದ ಷರತ್ತು ಇದೆ. ನಮ್ಮಲ್ಲಿ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ‘ನಿಖಿಲ್ ಎಲ್ಲಿದ್ದೀಯಪ್ಪ’ ಊರೆಲ್ಲ ಹಬ್ಬಿದ್ದು ನೆನಪಿರಬಹುದು. ಸಿನಿಮಾ ಸಮಾರಂಭವೊಂದರಲ್ಲಿ ಕುಮಾರಸ್ವಾಮಿಯವರು ಮಗನನ್ನು ಕರೆದ ಆ ಕೂಗು, ಮಂಡ್ಯದಲ್ಲಿ ಆ ಮಗ ಕಣಕ್ಕಿಳಿದಾಗ ಎಲ್ಲರ ಬಾಯಿಗೂ ಬಂತು. ಆ ತಮಾಷೆಯ ರುಚಿಯ ಬಗ್ಗೆ ತಕರಾರಿರಬಹುದು. ಆದರೆ ಅದರ ಹಿಂದೆ ಕುಟುಂಬ ರಾಜಕಾರಣದ ಕುರಿತ ಪ್ರಶ್ನೆ ಇತ್ತು, ಮುಂದೆ ಮತಪೆಟ್ಟಿಗೆ ಇತ್ತು. ಅಧಿಕಾರಕ್ಕೆ ಬರುವವರ ಬೆನ್ನು ಹತ್ತಿದ ನಗೆ ಅದು. ಡೌನಿಂಗ್ ಸ್ಟ್ರೀಟಿನದು ಹೊರಟುಹೋಗುವವರನ್ನು ಬೀಳ್ಕೊಟ್ಟ ನಗೆ. ಹೊರಟವರನ್ನು ಕೇಳುವುದು ಏನು ಉಳಿದಿರುತ್ತದೆ? ಅಂಥ ನಗೆ ಬೇಗ ಕ್ಷಮೆಯ ಕಡೆ ವಾಲುತ್ತದೆ.

ಹಾಗೆಂದು ಸಂಯೋಜಕರ ಮೇಲೆ ಜನಮತಗಣನೆಯ ಲೆಕ್ಕ ಹೊರಿಸುವುದು ಅನ್ಯಾಯ. ಒಂದು ಗುನುಗು ಸಿಕ್ಕಿತು, ಕೈ ಸುಮ್ಮನಿರಲಿಲ್ಲ, ಆಡಿದರು. ಆ ಆಟದಲ್ಲಿ ನಿಜವಾದ ಕಸುಬು ಇದೆ, ಕೇಳುವ ಕಿವಿ ಇದೆ. ನನಗೆ ಅನ್ನಿಸುವುದು ಇಷ್ಟು: ಆ ಕೃತಿಗಳು ಅವುಗಳನ್ನು ಬರೆದವರು ಅಂದುಕೊಂಡದ್ದಕ್ಕಿಂತ ಹೆಚ್ಚು ನಿಜ ಹೇಳುತ್ತವೆ. ಹಗುರವಾದ ಸ್ವರಗಳ ಮೇಲೆ ಚೆಲ್ಲೊ ತನ್ನ ಭಾರವನ್ನೆಲ್ಲ ಹಾಕಿದಾಗ ಕೇಳಿಸುವ ಆ ಅಸಮತೋಲ, ಆ ಬೇಸಿಗೆಯಲ್ಲಿ ಆ ದೇಶದಲ್ಲಿ ನಡೆದದ್ದರ ಅಸಮತೋಲವೂ ಹೌದು. ಅಷ್ಟು ಭಾರದ ಸಂಗತಿ, ಅಷ್ಟು ಹಗುರ ದನಿ. ವ್ಯತ್ಯಾಸ ಒಂದೇ. ಸಂಗೀತ ಎರಡನ್ನೂ ಕೂಡಿಸಿ, ಸ್ವರ ಸೇರಿಸಿ, ಚೆಂದವಾಗಿ ಮುಗಿಸಿಬಿಡುತ್ತದೆ. ಆ ಮುಕ್ತಾಯ ಕಿವಿಗೆ ಎಷ್ಟು ಹಿತವೋ, ನಡೆದದ್ದಕ್ಕೆ ಅಷ್ಟೇ ಸಲ್ಲದ್ದು.

ಈ ಬರಹಕ್ಕಾಗಿ ಮತ್ತೊಮ್ಮೆ ಮೂಲ ತುಣುಕನ್ನೇ ಹಾಕಿಕೊಂಡು ಕೇಳಿದೆ, ಯಾವ ವಾದ್ಯವೂ ಇಲ್ಲದೆ. ಗುನುಗು ಎಲ್ಲಿಗೂ ತಲುಪುವುದಿಲ್ಲ. ಅರ್ಧಕ್ಕೇ ನಿಲ್ಲುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಬೀದಿಯಲ್ಲಿ ಕ್ಯಾಮರಾಗಳು ಹಾಗೇ ನಿಂತಿರುತ್ತವೆ.