ಇತಿವೃತ್ತ ಮತ್ತು ಔಚಿತ್ಯ: ‘ಡಾರ್ಕೆಸ್ಟ್ ಅವರ್’ ಚಿತ್ರವನ್ನು ಕುರಿತು

ಪ್ರಸಿದ್ಧವಾದ ಇತಿವೃತ್ತದಲ್ಲಿ ರಸಕ್ಕೆ ಪ್ರತಿಕೂಲವಾದ ಸನ್ನಿವೇಶವಿದ್ದರೆ ಕವಿ ಅದನ್ನು ಕೈಬಿಟ್ಟು ರಸೋಚಿತವಾದ ಬೇರೊಂದನ್ನು ಕಲ್ಪಿಸಬಹುದೆಂಬುದು ಆನಂದವರ್ಧನನ ಮತ. ಜೋ ರೈಟ್ ನಿರ್ದೇಶಿಸಿ 2017ರಲ್ಲಿ ತೆರೆಗೆ ಬಂದ ‘ಡಾರ್ಕೆಸ್ಟ್ ಅವರ್’ ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಚಿತ್ರದ ವಸ್ತು 1940ರ ಮೇ ತಿಂಗಳಿನದು. 10ನೆಯ ತಾರೀಖು ಚರ್ಚಿಲ್ ಪ್ರಧಾನಿಯಾದನು. ಅದೇ ದಿನ ಜರ್ಮನ್ ಸೇನೆ ಪಶ್ಚಿಮ ಯೂರೋಪಿನ ಮೇಲೆ ಎರಗಿತು. ತಿಂಗಳ ಕೊನೆಗೆ ಬ್ರಿಟಿಷ್ ಸೈನ್ಯ ಡಂಕರ್ಕಿನ ಕಡಲತೀರದಲ್ಲಿ ಸಿಕ್ಕಿಕೊಂಡಿರಲು, ಇಟಲಿಯ ಮಧ್ಯಸ್ಥಿಕೆಯಿಂದ ಸಂಧಿಯನ್ನು ಅರಸಬೇಕೆ, ಹೋರಾಡಬೇಕೆ ಎಂಬ ವಾದ ಯುದ್ಧಮಂತ್ರಿಮಂಡಲದಲ್ಲಿ ಎದ್ದಿತು. ಈ ಇಕ್ಕಟ್ಟಿನಲ್ಲಿ ತೊಳಲುವ ನಾಯಕನಾಗಿ ಗ್ಯಾರಿ ಓಲ್ಡ್‌ಮನ್ನನ ಅಭಿನಯ ಬರಿಯ ಅನುಕರಣವಲ್ಲ; ಗರ್ಜನೆಯ ಹಿಂದಿನ ಅಳುಕನ್ನೂ ಅದು ಕಾಣಿಸುತ್ತದೆ. ಆಸ್ಕರ್ ಪ್ರಶಸ್ತಿ ಅದಕ್ಕೆ ಸಂದದ್ದು ನ್ಯಾಯವೇ ಸರಿ.

ಚಿತ್ರದಲ್ಲಿ ಕಲ್ಪಿತಾಂಶಗಳು ಹಲವು. ಎಲಿಜಬೆತ್ ಲೇಟನ್ ಎಂಬ ಬೆರಳಚ್ಚುಗಾರ್ತಿ ವಾಸ್ತವವಾಗಿ ಕೆಲಸಕ್ಕೆ ಸೇರಿದ್ದು 1941ರಲ್ಲಿ. ಚಿತ್ರ ಅವಳನ್ನು ಒಂದು ವರ್ಷ ಹಿಂದಕ್ಕೆ ತಂದಿದೆ. ಇದು ಉಚಿತವಾದ ಮಾರ್ಪಾಡು. ನಾಯಕನ ಮಾತು ಹುಟ್ಟುವ ಕ್ಷಣವನ್ನು ಅವಳ ಕಣ್ಣಿನಿಂದ ನಾವು ಕಾಣುತ್ತೇವೆ.

ಸುರಂಗರೈಲಿನ ಪ್ರಸಂಗ ಹಾಗಲ್ಲ. ಮನಸ್ಸು ಡೋಲಾಯಮಾನವಾಗಿರುವಾಗ ಚರ್ಚಿಲ್ ಸಾಮಾನ್ಯ ಪ್ರಯಾಣಿಕರ ನಡುವೆ ಕುಳಿತು ಅವರ ಅಭಿಪ್ರಾಯವನ್ನು ಕೇಳುತ್ತಾನೆ. ಶರಣಾಗತಿ ಕೂಡದೆಂದು ಎಲ್ಲರೂ ಒಕ್ಕೊರಲಿನಿಂದ ನುಡಿಯುತ್ತಾರೆ. ವೀರರಸದ ಸ್ಥಾಯಿ ಉತ್ಸಾಹ; ಅದು ನಾಯಕನ ಒಳಗಿನಿಂದಲೇ ಉಕ್ಕಬೇಕು. ಇಲ್ಲಿ ಅದನ್ನು ಎರವಲು ತರಲಾಗಿದೆ. ಮೇ 28ರಂದು ಸುಮಾರು ಇಪ್ಪತ್ತೈದು ಮಂದಿ ಮಂತ್ರಿಗಳ ಮುಂದೆ ಅವನು ಮಾತನಾಡಿ ಅವರ ಬೆಂಬಲ ಗಳಿಸಿದ್ದು ಐತಿಹಾಸಿಕ ಸಂಗತಿ. ಆ ಸಭೆ ಚಿತ್ರದಲ್ಲಿಯೂ ಉಂಟು. ಆದರೆ ಅಲ್ಲಿ ಅವನು ರೈಲಿನ ಜನರ ಮಾತನ್ನೇ ಒಪ್ಪಿಸುತ್ತಾನೆ. ಇತಿವೃತ್ತವೇ ರಸಪೂರ್ಣವಾಗಿದ್ದಲ್ಲಿ ಕಲ್ಪನೆ ಅದನ್ನು ಸಡಿಲಗೊಳಿಸಿದೆ.

ಪ್ರತಿನಾಯಕನಿಗೂ ಅನ್ಯಾಯವಾಗಿದೆ. ಸಂಧಿಯ ಪರವಾಗಿ ವಾದಿಸುವ ಹ್ಯಾಲಿಫ್ಯಾಕ್ಸ್ ಬೇರೆ ಯಾರೂ ಅಲ್ಲ, ವೈಸರಾಯ್ ಅರ್ವಿನ್. 1931ರಲ್ಲಿ ಗಾಂಧೀಜಿಯವರೊಡನೆ ಒಪ್ಪಂದಕ್ಕೆ ಸಹಿ ಮಾಡಿದವನು. ಆ ಮಾತುಕತೆಯನ್ನು ಕಟುವಾಗಿ ಹಳಿದವನು ಚರ್ಚಿಲ್. ಸಂಧಾನದಲ್ಲಿ ಅರ್ವಿನ್ನನಿಗಿದ್ದ ನಂಬಿಕೆ ಹೇಡಿತನದಿಂದ ಹುಟ್ಟಿದ್ದಲ್ಲ. ಹಿಟ್ಲರನ ವಿಷಯದಲ್ಲಿ ಅದು ದಾರಿ ತಪ್ಪಿತು, ಅಷ್ಟೆ. ಈ ಗಾಂಭೀರ್ಯವನ್ನು ಪಾತ್ರಕ್ಕೆ ಕೊಟ್ಟಿದ್ದರೆ ನಾಯಕನ ಗೆಲುವಿಗೂ ತೂಕ ಬರುತ್ತಿತ್ತು.

ಇದು ಕೇವಲ ಕಲೆಯ ಪ್ರಶ್ನೆಯಲ್ಲ. ನಿರ್ಧಾರವೆಲ್ಲ ಜನವಾಣಿಯೇ ಎಂದು ತೋರಿಸಿದಾಗ ನಾಯಕನ ಹೊಣೆ ಕರಗಿಹೋಗುತ್ತದೆ. 1943ರ ಬಂಗಾಳದ ಕ್ಷಾಮವನ್ನು ಮರೆಯಲಾರದ ಪ್ರೇಕ್ಷಕನಿಗೆ ಇದು ಅಲ್ಪವಾದ ಮಾತಲ್ಲ. 1940ರ ಧೈರ್ಯ ಅವನದೆಂದು ಒಪ್ಪುವವರು ಮಾತ್ರವೇ ಉಳಿದ ವರ್ಷಗಳ ಲೆಕ್ಕವನ್ನೂ ಅವನಿಂದ ಕೇಳಬಲ್ಲರು.